ಹುಣಸೆಹಣ್ಣು ಮುಟ್ಟಿಸಬೇಡ ಮಾರಾಯ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಫೋಟೊ ನೋಡಿದೆ. ಟಿಪ್ಪು ಸುಲ್ತಾನನ ತಾಮ್ರದ ಆನೆ ಕಾಸು ಸೊಗಸಾಗಿದೆ. ಆದರೆ ‘ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡ್ತೀನಿ’ ಅಂದಿದ್ದೀಯಲ್ಲ, ಅದನ್ನು ಓದಿದ ಕೂಡಲೇ ಈ ಕಾಗದ ಬರೆಯಲು ಕೂತೆ. ಹಳೇ ನಾಣ್ಯ ಕೂಡಿಸಲು ಹೊಸದಾಗಿ ಶುರು ಮಾಡಿದವರಲ್ಲಿ ಎಷ್ಟೋ ಜನ ಇದನ್ನೇ ಮಾಡುತ್ತಾರೆ, ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ತಾಮ್ರದ ಮೇಲಿನ ಕಂದು-ಹಸಿರು ಪದರ ಕೊಳೆಯಲ್ಲ ಕಣೋ. ಇನ್ನೂರು ವರ್ಷದಲ್ಲಿ ಲೋಹ ತಾನೇ ಬೆಳೆಸಿಕೊಂಡ ಚರ್ಮ ಅದು. ಹುಳಿ ತಗುಲಿದರೆ ಪದರ ಕರಗುತ್ತದೆ, ಅಕ್ಷರದ ಅಂಚೂ ಸವೆಯುತ್ತದೆ, ಕೊನೆಗೆ ಉಳಿಯುವುದು ಬೆಳಗಿದ ಚೊಂಬಿನಂಥ ಬರೀ ತಾಮ್ರ. ಮಣ್ಣು ಮೆತ್ತಿದ್ದರೆ ಡಿಸ್ಟಿಲ್ಡ್ ವಾಟರ್‌ನಲ್ಲಿ ನೆನೆಹಾಕು, ದಿನಾ ನೀರು ಬದಲಿಸು, ಒಂದು ವಾರ ಕಳೆದ ಮೇಲೆ ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಬಿಡಿಸು. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಚುಕ್ಕೆ ಕಂಡರೆ ಮಾತ್ರ ಎಚ್ಚರ. ಅದು ಉಪ್ಪಿನಲ್ಲಿರುವ ಕ್ಲೋರೈಡ್‌ನಿಂದ ಬರುವ ರೋಗ, ತೇವ ಸಿಕ್ಕಷ್ಟೂ ಒಳಗೆ ತಿನ್ನುತ್ತಾ ಹೋಗುತ್ತದೆ. ಅಂಥದ್ದನ್ನು ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿಡು. ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಪೌಚ್ ಯಾವುದಕ್ಕೂ ಬೇಡ, ಕಾಲ ಕಳೆದಂತೆ ಅದು ಬಿಡುವ ಆಮ್ಲ ನಾಣ್ಯಕ್ಕೆ ಹಸಿರು ಜಿಡ್ಡಾಗಿ ಅಂಟುತ್ತದೆ.

ಮೊದಮೊದಲು ಎಲ್ಲರೂ ಎಣಿಸುವುದು ಆನೆಗಳನ್ನೇ. ಹತ್ತಾದವು, ಇಪ್ಪತ್ತಾದವು. ಆಮೇಲೊಂದು ದಿನ ಆನೆಯ ಮೇಲುಗಡೆಯ ಅಂಕಿ ಓದಲು ಬರುತ್ತದೆ, ಆಟವೇ ಬದಲಾಗುತ್ತದೆ. ಟಿಪ್ಪು 1787ರಲ್ಲಿ ಮೌಲೂದಿ ಶಕ ಅನ್ನುವ ತನ್ನದೇ ವರ್ಷಗಣನೆ ತಂದಮೇಲೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ನಿನ್ನ ಕಣ್ಣಿಗೆ 7121 ಅಂತ ಕಂಡರೆ ಅದು ಮೌಲೂದಿ ವರ್ಷ 1217. ಕೊನೆಯ ವರ್ಷಗಳವಾದರೆ ಅಲಿಫ್, ಬೇ, ತೇ ಅಂತ ಅರಬಿ ಅಕ್ಷರವೂ ಇರುತ್ತದೆ, ಅದೂ ವರ್ಷದ ಗುರುತೇ. ತೂಕ ಹಾಕು: ಸುಮಾರು 11 ಗ್ರಾಂ ಇದ್ದರೆ ಜೊಹ್ರಾ, ಅದರರ್ಧ ಬಹ್ರಾಮ್, ಕಾಲು ಭಾಗ ಅಖ್ತರ್. ಶುಕ್ರ, ಮಂಗಳ, ನಕ್ಷತ್ರ! ಆಕಾಶವನ್ನೇ ಚಿಲ್ಲರೆ ಕಾಸಿಗೆ ಹೆಸರಾಗಿಟ್ಟ ಟಂಕಸಾಲೆ ಅದು. ಹಿಂಬದಿಯಲ್ಲಿ ಟಂಕಸಾಲೆಯ ಹೆಸರಿರುತ್ತದೆ: ಪಟನ್ ಅಂದರೆ ಶ್ರೀರಂಗಪಟ್ಟಣ, ನಗರ್ ಅಂದರೆ ಬಿದನೂರು, ಫರ್ರುಖ್‌ಯಾಬ್ ಹಿಸಾರ್ ಅಂದರೆ ಚಿತ್ರದುರ್ಗ. ಇಷ್ಟು ತಿಳಿದಮೇಲೆ ಸಿಕ್ಕಿದ್ದೆಲ್ಲ ಕೊಳ್ಳುವ ಚಪಲ ತಾನಾಗೇ ಇಳಿದು, ಒಂದೇ ಟಂಕಸಾಲೆಯ ವರ್ಷಗಳನ್ನು ಜೋಡಿಸುವ ಹಠ ಹಿಡಿಯುತ್ತದೆ. ಸಂಗ್ರಹ ಅನ್ನುವುದು ನಿಜಕ್ಕೂ ಶುರುವಾಗುವುದು ಆಗಲೇ.

ಮುಂದೆ ವಿಜಯನಗರದ ಚಿನ್ನದ ವರಹದ ಆಸೆ ಹುಟ್ಟುತ್ತದೆ. ಅಲ್ಲಿ ದುಡ್ಡು ದೊಡ್ಡದು, ನಕಲಿಯೂ ಹೆಚ್ಚು. 0.01 ಗ್ರಾಂ ತೋರಿಸುವ ತಕ್ಕಡಿ ಕೊಂಡುಕೋ. ಅದರ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡು. ವರಹವನ್ನು ತೆಳು ದಾರದಲ್ಲಿ ಕಟ್ಟಿ, ತಳ-ಗೋಡೆ ತಾಗದಂತೆ ಪೂರ್ತಿ ಮುಳುಗಿಸಿ ಹಿಡಿ. 3.4 ಗ್ರಾಂ ವರಹಕ್ಕೆ 0.18ರ ಆಸುಪಾಸು ಬಂದರೆ ಒಳ್ಳೆ ಚಿನ್ನ. 0.40 ಬಂದರೆ ಚಿನ್ನದ ಮುಲಾಮು ಹಾಕಿದ ಹಿತ್ತಾಳೆ. ನಾಣ್ಯಕ್ಕೆ ಗಾಳಿಗುಳ್ಳೆ ಅಂಟಿದರೆ ಲೆಕ್ಕ ತಪ್ಪುತ್ತದೆ, ನೀರಿಗೆ ಒಂದು ಹನಿ ಪಾತ್ರೆ ಸೋಪು ಬಿಡು. ಆದರೆ ನಿಜವಾದ ಚಿನ್ನದಲ್ಲೇ ನಕಲಿ ಮಾಡುವವರಿದ್ದಾರೆ. ಅದಕ್ಕೆ ಲೆನ್ಸೇ ಗತಿ: ಎರಕ ಹೊಯ್ದಿದ್ದರೆ ಮೈಮೇಲೆ ಸೂಜಿಮೊನೆಯಂಥ ಗುಳಿ, ಅಂಚಿನಲ್ಲಿ ಉಜ್ಜಿದ ಗೆರೆ, ಮೊಂಡಾದ ನಾಗರಿ ಅಕ್ಷರ ಕಾಣುತ್ತವೆ.

ಆಮೇಲೆ ಇನ್ನೂ ಹಿಂದಕ್ಕೆ: ಕದಂಬರಿಗೂ ಮೊದಲು ಬನವಾಸಿ ಆಳಿದ ಚುಟು ಅರಸರ ಸೀಸದ ನಾಣ್ಯ, ಒಂದು ಕಡೆ ಕಮಾನು ಕಮಾನಾದ ಬೆಟ್ಟ, ಇನ್ನೊಂದು ಕಡೆ ಬೇಲಿಯೊಳಗಿನ ಮರ. ಅದನ್ನು ಮರದ ಪೆಟ್ಟಿಗೆಯಲ್ಲಿ ಇಡಲೇಬೇಡ. ಮರ ಬಿಡುವ ಹುಳಿ ಆವಿಗೆ ಸೀಸ ಬಿಳಿ ಪುಡಿಯಾಗಿಬಿಡುತ್ತದೆ.

ಈ ಸೀಸದ ಹತ್ತಿರ ಬಂದಮೇಲೆ ನನ್ನ ನಿದ್ದೆ ಕೆಟ್ಟಿದೆ ಕಣೋ. ನನ್ನ ದಾಖಲೆ ಪುಸ್ತಕದಲ್ಲಿ ತೂಕ, ವ್ಯಾಸ, ಚಿಹ್ನೆ, ಕೊಟ್ಟ ದುಡ್ಡು ಎಲ್ಲ ಇದೆ. ‘ಸಿಕ್ಕ ಜಾಗ’ ಅನ್ನುವ ಕಾಲಂ ಪುಟಗಟ್ಟಲೆ ಖಾಲಿ. 1891ರಲ್ಲಿ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯ ಒಟ್ಟಿಗೆ ಸಿಕ್ಕವು. ಎಲ್ಲಿ, ಎಷ್ಟು, ಯಾರ ಕಾಲದವು ಅಂತ ಬರೆದಿಟ್ಟದ್ದರಿಂದ ಬೆಂಗಳೂರಿನ ನೆಲದ ಹಳೆಯ ವ್ಯಾಪಾರದ ಮಾತು ಇವತ್ತೂ ಆಡಬಹುದು. ಅದೇ ನಿಧಿ ರಾತ್ರೋರಾತ್ರಿ ನೂರು ಆಲ್ಬಮ್‌ಗೆ ಹಂಚಿಹೋಗಿದ್ದರೆ? ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ, ನನಗದು ಗೊತ್ತಿತ್ತು. ಗೊತ್ತಿದ್ದೂ ಮಾರುವವನನ್ನು ‘ಎಲ್ಲಿ ಸಿಕ್ಕಿತು’ ಅಂತ ಕೇಳಲಿಲ್ಲ. ಕೇಳಿದರೆ ನಾಣ್ಯ ಕೈತಪ್ಪೀತು ಅನ್ನುವ ಭಯ. ಇದನ್ನು ನಿನಗೆ ಹೇಳಬೇಕು ಅಂತ ಕೂತಿರಲಿಲ್ಲ.

ಸರಿ, ಸಾಕು, ಎಲ್ಲರೂ ಓದುತ್ತಿದ್ದಾರೆ! ದಸರೆಗೆ ಬರುವಾಗ ಆನೆಯನ್ನು ಕರಕೊಂಡು ಬಾ, ತಕ್ಕಡಿ ನನ್ನ ಹತ್ತಿರ ಇದೆ. ಅದನ್ನು ಮಾರಿದವರ ಹತ್ತಿರ ಬಿಲ್ ಕೇಳಿ ಇಟ್ಟುಕೋ, ಅದು ಯಾವ ಊರಿಂದ ಬಂತು ಅಂತಲೂ ಇವತ್ತೇ ಕೇಳು. ಹುಣಸೆಹಣ್ಣು ಅಮ್ಮನಿಗೆ ಕೊಡು, ಸಾರಿಗೆ ಆಗುತ್ತದೆ.

ನಿನ್ನವ