ದೂರು: ಒತ್ತಡ ಸೆನ್ಸರ್‌ಗಳಿಗೆ ನೀವು ಕೊಟ್ಟ ಕ್ಯಾಲಿಬ್ರೇಶನ್ ಪ್ರಮಾಣಪತ್ರ

ಇಂದ:
ಪ್ರಯೋಗಾಲಯದ ಉಸ್ತುವಾರಿ ಉಪನ್ಯಾಸಕ,
ತುಮಕೂರು

ಗೆ:
ವ್ಯವಸ್ಥಾಪಕರು,
ಕ್ಯಾಲಿಬ್ರೇಶನ್ ವಿಭಾಗ

ಮಾನ್ಯರೇ,

ಫೋನಿನಲ್ಲಿ "ನಾಳೆ ಹೇಳ್ತೀವಿ ಸಾರ್" ಕೇಳಿ ಕೇಳಿ ಸಾಕಾಗಿ ಈ ಪತ್ರವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುತ್ತಿದ್ದೇನೆ. ಸಂಯಮದಿಂದಲೇ ಬರೆಯಬೇಕೆಂದು ಕೂತಿದ್ದೇನೆ, ನೋಡೋಣ.

ಮಂಗಳನ ವಾತಾವರಣಕ್ಕೆ ನುಗ್ಗುವ ನೌಕೆಯ ಉಷ್ಣಕವಚದ ಮಾದರಿಯೊಂದನ್ನು ನಮ್ಮ ವಿದ್ಯಾರ್ಥಿಗಳು ಮಾಡಿದ್ದಾರೆ. ಕವಚದಲ್ಲಿ ಏಳು ಸಣ್ಣ ರಂಧ್ರ, ಒಂದೊಂದರ ಹಿಂದೆ ಒಂದು ಸೆನ್ಸರ್. 2012ರಲ್ಲಿ ಮಂಗಳಕ್ಕೆ ಇಳಿದ ನಾಸಾದ ಕ್ಯೂರಿಯಾಸಿಟಿಯ ಕವಚದಲ್ಲೂ ಏಳಿದ್ದವು, 2021ರ ಪರ್ಸಿವಿಯರೆನ್ಸ್‌ನಲ್ಲೂ ಏಳು. ಆ ಏಳು ಒತ್ತಡಗಳ ಏರುಪೇರಿನಿಂದಲೇ ನೌಕೆ ಎಷ್ಟು ಓರೆಯಾಗಿತ್ತು, ಅಲ್ಲಿನ ಗಾಳಿ ಎಷ್ಟು ಸಾಂದ್ರವಾಗಿತ್ತು ಎಂದು ಲೆಕ್ಕ ಹಾಕುವುದು. ಕ್ಯಾಲಿಬ್ರೇಶನ್ ಮಾಡಿ, ಅಂದರೆ ಗೊತ್ತಿರುವ ಒತ್ತಡಕ್ಕೆ ಹೋಲಿಸಿ ಸರಿಯಾಗಿ ಓದುತ್ತವೆಯೇ ನೋಡಿ ಎಂದು ನಾವು ನಿಮಗೆ ಕೊಟ್ಟ ಸೆನ್ಸರ್‌ಗಳು 0ಯಿಂದ 7 ಕಿಲೋಪಾಸ್ಕಲ್‌ನವು, ಅಬ್ಸಲ್ಯೂಟ್. ಅಂದರೆ ಸೊನ್ನೆ ಎಂದರೆ ನಿರ್ವಾತ, ನಿಮ್ಮ ರೂಮಿನ ಗಾಳಿಯಲ್ಲ. ಇದನ್ನು ಆರ್ಡರಿನಲ್ಲಿ ಅಡಿಗೆರೆ ಎಳೆದು ಬರೆದಿದ್ದೆವು. ಬೇರೆ ಬೇರೆ ತಾಪಮಾನದಲ್ಲಿ ಅಳೆಯಿರಿ ಎಂದೂ ಬರೆದಿದ್ದೆವು, ಅದಕ್ಕೆ ಬೇರೆ ದುಡ್ಡನ್ನೂ ಕಟ್ಟಿಸಿಕೊಂಡಿರಿ.

ಬಂದ ಪ್ರಮಾಣಪತ್ರದಲ್ಲಿ ಒಂದೇ ತಾಪಮಾನವಿದೆ. ಅಳತೆ ಎಷ್ಟು ಆಚೀಚೆ ಇರಬಹುದೆಂದು ಹೇಳುವ ಅನಿಶ್ಚಿತತೆಯ ಕಾಲಂ ಖಾಲಿ. ಏಳು ಸೆನ್ಸರಿಗೂ ಕೊನೆಯ ದಶಾಂಶದವರೆಗೆ ಒಂದೇ ಅಂಕಿ!

ಕೇಳಲು ಬಂದೆ. ಕೌಂಟರಿನಲ್ಲಿ ರೈಸ್ ಮಿಲ್ಲಿನ ಯಜಮಾನರೊಬ್ಬರು ಬಾಯ್ಲರ್ ಗೇಜು ಹಿಡಿದು ಕೂತಿದ್ದರು, ಪಕ್ಕದಲ್ಲಿ ನನ್ನದೇ ಇಬ್ಬರು ವಿದ್ಯಾರ್ಥಿಗಳು. ನಿಮ್ಮ ಸಿಬ್ಬಂದಿ ಸೆನ್ಸರನ್ನು ಮೀಟರಿಗೆ ಸಿಕ್ಕಿಸಿ, ಅದರ ಬಾಯಿಗೆ ತಮ್ಮ ಬಾಯಿಟ್ಟು ಊದಿದರು. ಮುಳ್ಳು ಅಲ್ಲಾಡಲಿಲ್ಲ. ಮತ್ತೆ ಕೆನ್ನೆ ಉಬ್ಬಿಸಿ ಊದಿದರು. "ನೋಡಿ ಸಾರ್, ಸತ್ತೋಗಿದೆ ನಿಮ್ ಸೆನ್ಸರು. ಇಂಥದ್ನ ತಂದು ನಮ್ ಮೇಲೆ ಹಾಕ್ತೀರ." ರೂಮಿನ ಗಾಳಿಯೇ ಅದರ ಮಿತಿಯ ಹತ್ತು ಪಟ್ಟಿಗೂ ಜಾಸ್ತಿ, ಅದು ಆಗಲೇ ತುದಿಗೆ ಹೋಗಿ ನಿಂತಿದೆ, ನೀವು ಊದಿದ್ದು ಅದಕ್ಕೆ ಗೊತ್ತೂ ಆಗುವುದಿಲ್ಲ ಎಂದೆ. "ಮೇಷ್ಟ್ರೆ, ಪಾಠ ಕಾಲೇಜಲ್ಲಿ ಮಾಡಿ" ಎಂದರು. ಮಿಲ್ಲಿನವರು ನಕ್ಕರು. ವಿದ್ಯಾರ್ಥಿಗಳು ನೆಲ ನೋಡಿದರು. ಹಾಗಾದರೆ ವ್ಯಾಕ್ಯೂಮ್ ಪಂಪಿಗೆ ಹಾಕಿ ತೋರಿಸಿ ಎಂದದ್ದಕ್ಕೆ ಬಂದ ಉತ್ತರ: "ಪಂಪು ರಿಪೇರಿಗೆ ಹೋಗಿ ದೀಪಾವಳಿ ಆಯ್ತು, ಯುಗಾದಿ ಬಂತು."

ಪ್ರಮಾಣಪತ್ರದ ತಾರೀಖು ಇದೇ ಮಾರ್ಚಿನದು. ಪಂಪಿಲ್ಲದೆ 1, 2, 3 ಕಿಲೋಪಾಸ್ಕಲ್ ಎಲ್ಲಿಂದ ತಂದಿರಿ? ಸತ್ತ ಸೆನ್ಸರಿಗೆ "ಪಾಸ್" ಎಂದು ಸಹಿ ಹಾಕಿದವರು ಯಾರು? ಈ ವಿದ್ಯೆ ನಿಮಗೆ ನಿಜವಾಗಿ ಸಿದ್ಧಿಸಿದ್ದರೆ ನಾಸಾದವರಿಗೂ ಹೇಳಿಕೊಡಿ, ಪಾಪ ಅವರು ಇನ್ನೂ ಸೆನ್ಸರುಗಳನ್ನು ಬಿಸಿ ಮಾಡಿ ತಣ್ಣಗೆ ಮಾಡಿ ಒದ್ದಾಡುತ್ತಾರೆ. ಸೆನ್ಸರಿನ ಸೊನ್ನೆ ಜಾರಿದ್ದರೆ ಮಂಗಳಕ್ಕೆ ಹೋಗುವ ದಾರಿಯ ನಿರ್ವಾತದಲ್ಲೇ ಓದಿಕೊಂಡು ತಿದ್ದಿಕೊಳ್ಳಬಹುದು. ಒತ್ತಡ ಏರಿದಂತೆ ಸಿಗ್ನಲ್ ಎಷ್ಟು ಏರುತ್ತದೆ ಎಂಬ ಲೆಕ್ಕ ತಪ್ಪಿದ್ದರೆ ಅಲ್ಲಿ ತಿದ್ದುವವರಿಲ್ಲ. ಅದು ನೆಲದ ಮೇಲೇ ಆಗಬೇಕಾದ ಕೆಲಸ, ನೀವು ಮಾಡದೆ ಬಿಟ್ಟದ್ದು ಅದನ್ನೇ.

ಇಂಥ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ನಿಯಮ ಐಎಸ್ಒ/ಐಇಸಿ 17025 ನಿಮ್ಮ ಗೋಡೆಯ ಮೇಲೆ ಫ್ರೇಮಿನಲ್ಲಿದೆ, ನಿಮಗೆ ಗೊತ್ತಿಲ್ಲವೆಂದು ನಾನು ಹೇಗೆ ಅನ್ನಲಿ. ಪ್ರಮಾಣಪತ್ರದಲ್ಲಿ ಅನಿಶ್ಚಿತತೆ ಇರಬೇಕು. ಗ್ರಾಹಕ ಒಪ್ಪದೆ ಮುಂದಿನ ಕ್ಯಾಲಿಬ್ರೇಶನ್ ಯಾವಾಗ ಎಂದು ಅದರಲ್ಲಾಗಲಿ ಲೇಬಲ್ಲಿನಲ್ಲಾಗಲಿ ಹೇಳುವಂತಿಲ್ಲ. ನೀವೋ, ಮೊದಲನೆಯದನ್ನು ಬಿಟ್ಟು ಎರಡನೆಯದರ ಸ್ಟಿಕ್ಕರನ್ನು ಏಳಕ್ಕೂ ಅಂಟಿಸಿದ್ದೀರಿ. ದೂರಿನ ತೀರ್ಮಾನವನ್ನು ಆ ಕೆಲಸದಲ್ಲಿ ಕೈಯಿಡದವರು ಮಾಡಬೇಕು, ಇಲ್ಲವೇ ಪರಿಶೀಲಿಸಿ ಒಪ್ಪಬೇಕೆಂದೂ ಅದೇ ನಿಯಮ ಹೇಳುತ್ತದೆ. ನನ್ನ ಇಮೇಲಿಗೆ "ಎಲ್ಲಾ ಸರಿಯಿದೆ" ಎಂದು ಉತ್ತರ ಕೊಟ್ಟವರು ಊದಿದ ಮಹಾಶಯರೇ.

ದುಡ್ಡು ವಾಪಸ್ ಕೇಳೋಣವೆಂದೇ ಈ ಪತ್ರ ಶುರು ಮಾಡಿದೆ. ಈಗ ಅದೂ ಬೇಡ ಅನ್ನಿಸುತ್ತಿದೆ. ಪ್ರಮಾಣಪತ್ರದ ನಕಲು, ಆರ್ಡರು, ನಿಮ್ಮ ಇಮೇಲು ಮೂರೂ ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ಎನ್ಎಬಿಎಲ್‌ಗೆ ಹೋಗುತ್ತವೆ. ಆ ರೈಸ್ ಮಿಲ್ಲಿನ ಯಜಮಾನರನ್ನೂ ಹುಡುಕಿಕೊಂಡು ಹೋಗಿ, ಅವರ ಬಾಯ್ಲರ್ ಗೇಜಿನ ಪ್ರಮಾಣಪತ್ರವನ್ನು ಒಮ್ಮೆ ನೋಡುತ್ತೇನೆ.

ಇತಿ,
ಕಾಲೇಜಲ್ಲಿ ಪಾಠ ಮಾಡುವ ಮೇಷ್ಟ್ರು