ಹಿತ್ತಲ ಕೋಳಿಗೆ ಬೇಕಿರುವುದು ಗುಳಿಗೆಯಲ್ಲ, ಅರ್ಧ ಇಂಚಿನ ಜಾಲರಿ

ಮಾನ್ಯ ಸಂಪಾದಕರೇ,

ಮುಂಗಾರು ಬಿದ್ದು ಎರೆ ಹೊಲದ ಬಿರುಕು ಮುಚ್ಚಿಕೊಂಡಿತೆಂದರೆ ಅಲ್ಲಿದ್ದ ಇಲಿಗಳು ಊರ ಕಡೆ ಹೊರಡುತ್ತವೆ, ಅವುಗಳ ಬೆನ್ನಿಗೇ ಹಾವೂ ಬರುತ್ತದೆ. ಸಿಂಧನೂರು, ಮಾನ್ವಿ, ಗಂಗಾವತಿ, ಸಿರುಗುಪ್ಪದ ಕಾಲುವೆ ಸೀಮೆಯಲ್ಲಿ ಭತ್ತದ ಕೊಯ್ಲಾದ ಮೇಲೆ ಇನ್ನೊಮ್ಮೆ ಇದೇ ಪಾಡು. ಆಗ ಹಾವು ಬಾರದಿರಲಿ ಎಂದು ಕೋಳಿ ಗೂಡಿನ ಸುತ್ತ ಕೀಟನಾಶಕದ ಗುಳಿಗೆ ಚೆಲ್ಲುವ ರೂಢಿ ಇನ್ನೂ ನಿಂತಿಲ್ಲ. ಈ ಪತ್ರ ಅದನ್ನು ಬಿಟ್ಟು, ಹಾವು ನುಗ್ಗದಂತೆ ಗೂಡಿಗೆ ಜಾಲರಿ ಹಾಕುವ ಬಗ್ಗೆ. ಥಿಮೆಟ್ ಎಂದು ಎಲ್ಲರೂ ಕರೆಯುವ ಫೋರೇಟ್ ಗುಳಿಗೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಅದರ ವಾಸನೆಗೆ ಹಾವು ಬಾರದು ಎಂಬುದು ಬರೀ ನಂಬಿಕೆ. ಕೋಳಿ ಮಾತ್ರ ಅದನ್ನು ಕಾಳೆಂದು ಕುಕ್ಕಿ ಸಾಯುತ್ತದೆ. ಅಂಗಳದಲ್ಲಿ ಆಡುವ ಮಗುವಿನ ಕೈಗೂ ಅದೇ ವಿಷ ಅಂಟುತ್ತದೆ. ಫಿನೈಲ್, ಸೀಮೆಎಣ್ಣೆ, ಬೆಳ್ಳುಳ್ಳಿ ರಸ, ನುಸಿಗುಳಿಗೆ ಯಾವುದನ್ನೂ ನಂಬಿ ಮಲಗುವಂತಿಲ್ಲ. ಹಾವನ್ನು ತಡೆಯುವುದು ಒಂದೇ: ಅದರ ತಲೆ ತೂರದಷ್ಟು ಸಣ್ಣ ಸಂದು.

ಮೊದಲು ಕಳ್ಳ ಯಾರೆಂದು ಗೊತ್ತಾಗಬೇಕು. ಹಾವು ಮೊಟ್ಟೆಯನ್ನು ಇಡಿಯಾಗಿ ನುಂಗುತ್ತದೆ. ಚಿಪ್ಪಿನ ಚೂರಾಗಲಿ, ಲೋಳೆಯಾಗಲಿ ಉಳಿಯುವುದಿಲ್ಲ. ಒಡೆದ ಚಿಪ್ಪು ಬಿದ್ದಿದ್ದರೆ ಅದು ಮುಂಗುಸಿ, ಇಲಿ ಅಥವಾ ಕಾಗೆಯ ಕೆಲಸ. ಸತ್ತ ಮರಿಯ ತಲೆ, ಕುತ್ತಿಗೆಯ ಪುಕ್ಕ ಜೊಲ್ಲಿನಿಂದ ಒದ್ದೆಯಾಗಿ ಅಂಟಿಕೊಂಡಿದ್ದರೆ ಹಾವು ನುಂಗಲು ನೋಡಿ, ಆಗದೆ ಬಿಟ್ಟುಹೋಗಿದೆ ಎಂದರ್ಥ. ಅಂಥ ಹಾವು ಮರುದಿನವೂ ಬರಬಹುದು. ನಮ್ಮ ಕಡೆ ಮೊಟ್ಟೆ, ಮರಿಗೆ ಬರುವುದು ಹೆಚ್ಚಾಗಿ ನಾಗರಹಾವು. ಕೇರೆಹಾವು ಇಲಿಗೆಂದು ಬಂದು ಮರಿಗೂ ಬಾಯಿ ಹಾಕುತ್ತದೆ. ಎರಡೂ ಚೆನ್ನಾಗಿ ಹತ್ತಬಲ್ಲವು. ಗಿಲಾವು ಮಾಡದ ಗೋಡೆ, ಬೇವಿನ ಟೊಂಗೆ, ಒರಗಿಸಿಟ್ಟ ಏಣಿ ಏನಾದರೂ ಸಾಕು. ಇರುವೆ ಬಾರದಿರಲಿ ಎಂದು ಗೂಡಿನ ಕಾಲಿಗೆ ನೀರಿನ ಡಬ್ಬಿ ಇಟ್ಟರೆ ಇರುವೆ ನಿಲ್ಲುತ್ತದೆ, ಹಾವು ನಿಲ್ಲುವುದಿಲ್ಲ.

ಅಂಗಡಿಯಲ್ಲಿ ಕೋಳಿ ಜಾಲರಿ ಕೇಳಿದರೆ ಆರು ಮೂಲೆಯ, ಒಂದು ಇಂಚು ಕಣ್ಣಿನ ತೆಳು ತಂತಿಯದನ್ನು ಕೊಡುತ್ತಾರೆ. ಅದು ಕೋಳಿ ಹೊರಗೆ ಹೋಗದಂತೆ ಮಾಡಿದ್ದು, ಹಾವು ಒಳಗೆ ಬಾರದಂತೆ ಮಾಡಿದ್ದಲ್ಲ. ಸಪೂರ ಹಾವು ಅದರಲ್ಲಿ ಸಲೀಸಾಗಿ ನುಸುಳುತ್ತದೆ, ಮೊಟ್ಟೆ ನುಂಗಿ ಹೊಟ್ಟೆ ಉಬ್ಬಿದ ಮೇಲೆ ಹೊರಗೆ ಹೋಗಲಾರದೆ ಅಲ್ಲೇ ಸುತ್ತಿಕೊಂಡು ಕೂರುತ್ತದೆ. ಬೆಳಿಗ್ಗೆ ಮೊಟ್ಟೆಗೆಂದು ಕೈ ಹಾಕುವವರಿಗೆ ಸಿಗುವುದು ಅದೇ. ಕೇಳಬೇಕಾದದ್ದು ಅರ್ಧ ಇಂಚು ಚೌಕದ, ಸತುವಿನ ಲೇಪದ (ಜಿ.ಐ.) ವೆಲ್ಡ್ ಜಾಲರಿ. ಕೋಳಿಮೊಟ್ಟೆ ನುಂಗುವಷ್ಟು ದೊಡ್ಡ ಹಾವು ಅದರಲ್ಲಿ ತೂರಲಾರದು. ಕಲ್ಲು, ಗರಸಿನ ನೆಲದವರು ಕೆಳಗಿನ ಒಂದೂವರೆ ಅಡಿಗೆ ಕಾಲು ಇಂಚಿನದನ್ನೇ ಹಾಕುವುದು ಲೇಸು. ಮರಿ ಹಾವು ಮೊಟ್ಟೆ ತಿನ್ನದಿದ್ದರೂ, ಅಂಥ ನೆಲದಲ್ಲಿರುವ ಗರಗಸ ಮಂಡಲದ ಮರಿಯ ಹಲ್ಲಿನಲ್ಲೂ ವಿಷವಿದೆ. ನೈಲಾನ್ ಬಲೆ ಮಾತ್ರ ಬೇಡವೇ ಬೇಡ. ಹಾವು ಅದರಲ್ಲಿ ಸಿಕ್ಕಿ, ಹೊರಳಿದಷ್ಟೂ ಬಿಗಿದುಕೊಂಡು ನರಳುತ್ತದೆ. ಬಿಡಿಸಲು ಹೋದವರನ್ನು ಕಚ್ಚುತ್ತದೆ.

ಹತ್ತು ಜವಾರಿ ಕೋಳಿಗೆ ರಾತ್ರಿ ಗೂಡು 5 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರ ಸಾಕು. ತಳಕ್ಕೆ ಪರಸಿ ಕಲ್ಲು ಹಾಸಿ ಸಂದಿಗೆ ಸಿಮೆಂಟ್ ತುಂಬಿದರೆ ಕೆಳಗಿನಿಂದ ಇಲಿಯೂ ಕೊರೆಯದು. ಸುತ್ತಲಿನ ಅಳತೆ 16 ಅಡಿ. ಜಾಲರಿಯನ್ನು ಚೌಕಟ್ಟಿನ ಒಳಗಿನಿಂದಲ್ಲ, ಹೊರಗಿನಿಂದ ಬಡಿದು, ಗೇಣಿಗೆ ಎರಡು ಕಡೆ ಬಿಗಿಯಬೇಕು. ಬಾಗಿಲು ಚೌಕಟ್ಟಿನ ಮೇಲೆ ಒಂದು ಇಂಚು ಕೂರುವಂತಿರಲಿ. ಕೆಲಸ ಮುಗಿದ ಮೇಲೆ ಒಂದು ಪೆನ್ಸಿಲ್ ಹಿಡಿದು ಬಾಗಿಲ ಕೆಳಗೆ, ತಿರುಗಣಿ ಬದಿಗೆ, ಮೂಲೆಗಳಿಗೆ ತೂರಿಸಿ ನೋಡಿ. ಪೆನ್ಸಿಲ್ ಹೋದ ಕಡೆ ತಗಡಿನ ಪಟ್ಟಿ ಹೊಡೆಯಿರಿ.

ಹೆಚ್ಚಿನವರು ತಪ್ಪುವುದು ಮೇಲ್ಭಾಗದಲ್ಲಿ. ಅಲೆ ಅಲೆಯಾದ ತಗಡಿನ ಪತ್ರಾಸನ್ನು ನೇರವಾದ ಪಟ್ಟಿಯ ಮೇಲೆ ಕೂರಿಸಿದಾಗ ಪ್ರತಿ ಅಲೆಯಡಿಯೂ ಒಂದು ಕಿಂಡಿ ಉಳಿಯುತ್ತದೆ. ಗೋಡೆ ಹತ್ತಿ ಬರುವ ಹಾವಿಗೆ ಅದೇ ಬಾಗಿಲು. ಕತ್ತರಿಸಿ ಉಳಿದ ಜಾಲರಿಯನ್ನು ಮಡಚಿ ಅಲ್ಲಿ ತುರುಕಿ, ಬೈಂಡಿಂಗ್ ತಂತಿಯಿಂದ ಕಟ್ಟಬೇಕು. ಇನ್ನು ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳ ಬಿಸಿಲು! 40 ಡಿಗ್ರಿ ದಾಟಿದ ದಿನ ಪತ್ರಾಸಿನಡಿ ಕೋಳಿ ಬಾಯಿ ತೆರೆದು ಏದುಸಿರು ಬಿಡುತ್ತದೆ. ಪಾಪ, ಗಾಳಿಯಾಡಲಿ ಎಂದು ಪತ್ರಾಸು ಎತ್ತಿ ಇಟ್ಟಿಗೆ ಕೊಡುತ್ತಾರೆ. ಆ ನಾಲ್ಕು ಬೆರಳಿನ ಸಂದು ಸಂಜೆ ಯಾರಿಗೂ ನೆನಪಾಗುವುದಿಲ್ಲ. ನಾಲ್ಕೂ ಬದಿ ಜಾಲರಿಯಿದ್ದರೆ ಹೀಗೆ ಎತ್ತುವ ಅಗತ್ಯವೇ ಇಲ್ಲ. ತಗಡಿನ ಮೇಲೆ ಒದ್ದೆ ಗೋಣಿತಟ್ಟು ಹಾಕಿದರೆ ತಂಪಾಗುತ್ತದೆ. ಸೊಪ್ಪೆ ಹೊದಿಸಿದರೂ ತಂಪೇ, ಆದರೆ ಅದರೊಳಗೆ ಇಲಿ ಮನೆ ಮಾಡುತ್ತದೆ. ಹಾವಿನ ಭಯಕ್ಕೆ ಪ್ಲಾಸ್ಟಿಕ್ ಹಾಳೆ ಸುತ್ತಿದರೆ ಹಾವು ಬರುವ ಮೊದಲೇ ಕೋಳಿ ಧಗೆಗೆ ಸಾಯುತ್ತದೆ.

ಹಗಲು ಬಿಡುವ ಆವರಣ ಬರೀ ಮಣ್ಣಿನ ಮೇಲಿದ್ದರೆ ಜಾಲರಿಯನ್ನು ಒಂದು ಅಡಿ ಹೂತು, ತುದಿಯನ್ನು ಹೊರಕ್ಕೆ ಮಡಚಿರಬೇಕು. ಎರೆ ಮಣ್ಣಿನಲ್ಲಿ ಇಷ್ಟೇ ಸಾಲದು. ಅದು ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು, ಜಾಲರಿಯ ಪಕ್ಕದಲ್ಲೇ ಬಾಯಿ ತೆರೆಯುತ್ತದೆ. ತೋಡಿದ ಕಾಲುವೆಗೆ ಅದೇ ಮಣ್ಣು ತುಂಬದೆ ಗರಸು ಹಾಕಿ ಗುದ್ದಿ.

ಮೊಟ್ಟೆಯ ವಿಷಯ. ಕೋಳಿಗಳು ಹೆಚ್ಚಾಗಿ ಬೆಳಗಿನ ಹೊತ್ತೇ ಇಡುತ್ತವೆ. ಹತ್ತು ಗಂಟೆಯವರೆಗೆ ಗೂಡಿನಲ್ಲೇ ಬಿಟ್ಟರೆ ಕುಳ್ಳಿನ ರಾಶಿ, ಬಣವೆ ಸಂದಿ, ಕಾಳಿನ ಚೀಲದ ಹಿಂದೆ ಕದ್ದಿಡುವುದು ತಪ್ಪುತ್ತದೆ. ಆಗೊಮ್ಮೆ, ಸಂಜೆಗೊಮ್ಮೆ ಆರಿಸಿ. ಕೈ ಹಾಕುವ ಮೊದಲು ಬ್ಯಾಟರಿ ಬೆಳಕು ಬಿಡಿ, ಕೋಲಿನಿಂದ ಹುಲ್ಲು ಸರಿಸಿ. ಕಾವಿಗೆ ಕೂತ ಹ್ಯಾಟೆಯೇ ಎಲ್ಲಕ್ಕಿಂತ ಅಪಾಯದಲ್ಲಿರುವುದು. 10-12 ಮೊಟ್ಟೆಯ ಮೇಲೆ 21 ದಿನ ಒಂದೇ ಕಡೆ ಕೂತಿರುತ್ತದೆ, ಓಡುವುದಿಲ್ಲ. ಬಿದಿರು ಬುಟ್ಟಿ ಕವುಚಿದರೆ ಸಾಲದು, ಹೆಣಿಗೆಯ ಸಂದೇ ಹಾವಿಗೆ ದಾರಿ. 2 ಅಡಿ ಉದ್ದಗಲ, ಒಂದೂವರೆ ಅಡಿ ಎತ್ತರದ ಜಾಲರಿ ಪೆಟ್ಟಿಗೆ ಮಾಡಿ, ಪಡಸಾಲೆಯ ಸಪಾಟು ಪರಸಿಯ ಮೇಲೆ ಕವುಚಿ, ಮೇಲೆ ಕಲ್ಲು ಹೇರಿ. ಮರಿ ಬಲಿಯುವವರೆಗೆ ರಾತ್ರಿ ಅದರಡಿಯೇ ಇರಲಿ.

ಸಂಜೆ ಬಾಗಿಲು ಹಾಕುವ ಮೊದಲು ಒಳಗೆ ಬೆಳಕು ಬಿಟ್ಟು ನೋಡುವುದನ್ನು ಮರೆಯಬಾರದು. ಇಲ್ಲದಿದ್ದರೆ ಹಾವನ್ನೂ ಸೇರಿಸಿ ಬೀಗ ಹಾಕಿದಂತಾಗುತ್ತದೆ. ಚೆಲ್ಲಿದ ನುಚ್ಚು ಗುಡಿಸಿ, ಕಾಳನ್ನು ಮುಚ್ಚಳದ ಡಬ್ಬಿಯಲ್ಲಿಡಿ. ಕಟ್ಟಿಗೆ, ಹತ್ತಿಕಡ್ಡಿ, ಹೆಂಚಿನ ರಾಶಿ ಗೂಡಿನಿಂದ ಹತ್ತಾರು ಅಡಿ ದೂರವಿರಲಿ.

ಒಳಗೆ ಹಾವು ಕಂಡರೆ ಬಾಗಿಲು ತೆರೆದು ಕೋಳಿಗಳಿಗೆ ದಾರಿ ಬಿಟ್ಟು, ದೂರ ನಿಂತು ಕಣ್ಣಿಟ್ಟಿರಿ. ಅರಣ್ಯ ಇಲಾಖೆಗೋ ತರಬೇತಿ ಪಡೆದ ಹಾವು ಹಿಡಿಯುವವರಿಗೋ ಹೇಳಿಕಳಿಸಿ. ಬಡಿಯಲು ಹೋದರೆ ಕಚ್ಚಿಸಿಕೊಳ್ಳುವ ಅಪಾಯ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿಯಾದ ಮೇಲೆ ನಾಗರ, ಕೇರೆ, ಕೊಳಕುಮಂಡಲ ಮೂರೂ ಮೊದಲನೇ ಅನುಸೂಚಿಯಲ್ಲಿವೆ, ಕೊಲ್ಲುವುದು ಅಪರಾಧ. ಪಂಚಮಿಗೆ ಹಾಲೆರೆಯುವ ಕೈಗೆ ಕಾಯ್ದೆ ಹೇಳಿಕೊಡಬೇಕಿಲ್ಲ ನಿಜ, ಮರಿ ಕಳೆದುಕೊಂಡ ಸಿಟ್ಟಿನಲ್ಲಿ ಅದು ನೆನಪಿಗೆ ಬರುವುದಿಲ್ಲ ಅಷ್ಟೆ. ಕಚ್ಚಿದರೆ ಕೊಯ್ಯದೆ, ಬಿಗಿದು ಕಟ್ಟದೆ, ಕೈಕಾಲು ಅಲುಗಿಸದೆ 108ಕ್ಕೆ ಕರೆ ಮಾಡಿ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು.

ಮೇಲೆ ಹೇಳಿದ ಗೂಡಿಗೂ ಕಾವಿನ ಪೆಟ್ಟಿಗೆಗೂ ಸೇರಿ 3 ಅಡಿ ಅಗಲದ ಅರ್ಧ ಇಂಚಿನ ಜಾಲರಿ 24 ಅಡಿ ಸಾಕು. ಪಶುಪಾಲನಾ ಇಲಾಖೆ ಮತ್ತು ಗ್ರಾಮ ಪಂಚಾಯಿತಿಗಳಲ್ಲಿ ನಮ್ಮ ಕೋರಿಕೆ ಇಷ್ಟು: ಹಿತ್ತಲ ಕೋಳಿಯ ಯೋಜನೆಗಳಲ್ಲಿ ಮರಿ ಹಂಚುವ ದಿನವೇ ಈ 24 ಅಡಿ ಜಾಲರಿಯನ್ನೂ ಜೊತೆಗೆ ಕೊಡಿ, ಕೊಡಲಾಗದಿದ್ದರೆ ಹೀಗೆ ಕಟ್ಟಿದ ಒಂದು ಗೂಡನ್ನಾದರೂ ಪಶು ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿ. ಮರಿ ಒಯ್ಯಲು ಬಂದವರು ಕೈಯಿಂದ ಮುಟ್ಟಿ ನೋಡಿ ಹೋಗಲಿ.

— ಹಿತ್ತಲಲ್ಲಿ ಕೋಳಿ ಸಾಕುವವರು, ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ