ಸಂಬಳದ ಚೀಟಿಯ ಆ 120 ರೂಪಾಯಿ

ಮಾನ್ಯರೇ,

ಪಕ್ಕದ ಮನೆಯ ಅಕ್ಕ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದರು. ಕಾರ್ಖಾನೆ ಮುಚ್ಚಿತು. ಪಿಎಫ್ ತೆಗೆದು ಮನೆ ಬಾಡಿಗೆ ಕಟ್ಟಿದರು. ಅವರ ಹಳೇ ಸಂಬಳದ ಚೀಟಿ ನೋಡಿದೆ: 16,000ಕ್ಕೆ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಡಿತ 120 ರೂಪಾಯಿ. ‘ಅದು ಆಸ್ಪತ್ರೆದು ಅಲ್ವಾ?’ ಅಂದರು.

ಅಷ್ಟೇ ಅಲ್ಲ. ಸಂಬಳದ ಮೇಲೆ ಕಾರ್ಮಿಕರಿಂದ ಶೇ 0.75, ಮಾಲೀಕರಿಂದ ಶೇ 3.25. ಅಂದರೆ ಅವರ ಹೆಸರಲ್ಲಿ ತಿಂಗಳಿಗೆ 640 ರೂಪಾಯಿ ಇಎಸ್‌ಐ ನಿಗಮಕ್ಕೆ ಹೋಗುತ್ತಿತ್ತು. ಔಷಧಿ, ಹೆರಿಗೆ ಭತ್ಯೆ ಎಲ್ಲಕ್ಕೂ ಇದೇ ಗಂಟು. ಕೆಲಸ ಹೋದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಹಣವೂ ಇದರಿಂದಲೇ. ಸರಾಸರಿ ದಿನದ ಸಂಬಳದ ಅರ್ಧ, ಹೆಚ್ಚೆಂದರೆ 90 ದಿನ. ಅದೂ ಷರತ್ತುಗಳ ಮೇಲೆ. 2020ಕ್ಕೆ ಮೊದಲು ಕಾಲು ಭಾಗ ಮಾತ್ರ ಇತ್ತು. ಕೊರೊನಾ ಬಂದ ಮೇಲೆ ಜಾಸ್ತಿ ಮಾಡಿದರು.

2018ರಲ್ಲಿ ಪ್ರಯೋಗ ಅಂತ ಶುರುವಾದ ಯೋಜನೆ ಇದು. ಅವಧಿ ವಿಸ್ತರಿಸಿಕೊಂಡೇ ಬಂದಿದ್ದಾರೆ. ಕಾಯಂ ಮಾಡಲು ಏನು ತೊಂದರೆಯೋ!

ಈ ಗಂಟಿನಿಂದ ಕೆಲಸ ಕಳೆದುಕೊಂಡವರಿಗೆ ಎಷ್ಟು ಹೋಯಿತು ಅನ್ನೋ ಲೆಕ್ಕವನ್ನು ನಿಗಮ ಪ್ರತಿ ವರ್ಷ ಕನ್ನಡದಲ್ಲಿ, ಕಾರ್ಖಾನೆ ಗೇಟಿನ ಬೋರ್ಡಿಗೆ ಅಂಟಿಸಲಿ. ಪಕ್ಕದಲ್ಲೇ ಅರ್ಜಿ ಹಾಕುವುದು ಹೇಗೆ ಅಂತಲೂ ಬರೆಯಲಿ.

– ಒಬ್ಬ ಓದುಗ, ಬೆಂಗಳೂರು